ಹಾಸ್ಯಗಾರನ ಅನುಮಾನ

ದೊಡ್ಡಾಟದ ರಾಜ ಕಿರೀಟ, ಭುಜಕೀರ್ತಿ ಹೊತ್ತು ಅಬ್ಬರಿಸುತ್ತ ಬಂದರೆ, ಪಾತ್ರಗಳನ್ನು ಮಾತಿಗೆಳೆದು ನಗಿಸುವ ಸಾರಥಿ ಸುಮ್ಮನೆ ಕೈಮುಗಿಯುವುದಿಲ್ಲ. ಯಾರು ನೀವು, ಯಾವ ಊರು, ಬಂದ ಕಾರಣವೇನು ಎಂದು ಕೇಳುತ್ತಾನೆ, ಮಾತುಮಾತಿಗೂ ಕೊಂಕು ತೆಗೆಯುತ್ತಾನೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಯಲ್ಲಿ ಆಟ ನೋಡಿ ಬೆಳೆದವರಿಗೆ ಇದು ಹೊಸದಲ್ಲ. ವಿಜ್ಞಾನವೂ ಪ್ರಶ್ನೆಯಿಂದಲೇ ಶುರುವಾಗುತ್ತದೆ, ಆದ್ದರಿಂದ ನಮ್ಮ ಆಟಗಳ ನಗೆಯಲ್ಲೇ ವಿಜ್ಞಾನ ಅಡಗಿತ್ತು ಎಂದು ಹೆಮ್ಮೆಪಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಾರಥಿ ಕೇಳುತ್ತಾನೆ, ಪರೀಕ್ಷಿಸುವುದಿಲ್ಲ. ರಾಜ ಏನು ಕೊಚ್ಚಿಕೊಂಡರೂ ಕೊನೆಗೆ ಭಲೇ ಅಂದುಬಿಡುತ್ತಾನೆ.

ಪರೀಕ್ಷೆ ಬಂದದ್ದು ಕಂಪನಿ ನಾಟಕದ ಹಾಸ್ಯದಲ್ಲಿ. ಕಂಪನಿ ನಾಟಕದ ಪರಂಪರೆಯ ಮೂಲಪುರುಷ ಶಾಂತಕವಿ, ಅಂದರೆ ಸಕ್ಕರಿ ಬಾಳಾಚಾರ್ಯರು, 1856ರಲ್ಲಿ ಹುಟ್ಟಿದ್ದು ಹಿರೇಕೆರೂರು ತಾಲ್ಲೂಕಿನ ಸಾತೇನಹಳ್ಳಿಯಲ್ಲಿ. ಮರಾಠಿ ಮಂಡಳಿಗಳ ಅಬ್ಬರದ ಎದುರು ಅವರು ಗದುಗಿನಲ್ಲಿ ಕನ್ನಡದ ಮಂಡಳಿ ಕಟ್ಟಿದಾಗ ಆಡಿದ್ದು ಪುರಾಣದ ಕಥೆಗಳನ್ನು. ಸಾಮಾಜಿಕ ನಾಟಕ ಬಂದ ಮೇಲೆ ನಕಲಿ ಸ್ವಾಮಿ, ಅಳಲೆಕಾಯಿ ಪಂಡಿತ, ಮದುವೆಯಾಗಹೊರಟ ಮುದುಕ ರಂಗಕ್ಕೆ ನುಗ್ಗಿದರು. ಅಂತರ್ಜ್ಞಾನಿ ಎನ್ನುವವನ ಮುಂದೆ ಹಾಸ್ಯಗಾರ ಮುಷ್ಟಿ ಹಿಡಿದು ಒಳಗೇನಿದೆ ಹೇಳು ಎನ್ನುತ್ತಾನೆ. ಇದು ಅಪ್ಪಟ ಪ್ರಯೋಗ. ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದರಲ್ಲ, ಗಾಳಿಯಿಂದ ಉಂಗುರ ತೆಗೆಯುವವರು ಕುಂಬಳಕಾಯಿ ತೆಗೆಯಲಿ ಎಂಬ ಅವರ ಸವಾಲು ನೇರವಾಗಿ ಈ ಹಾಸ್ಯಗಾರನ ಬಾಯಿಂದಲೇ ಬಂದಂತಿದೆ. ಉಂಗುರ ತೋಳಿನಲ್ಲಿ ಅಡಗುತ್ತದೆ, ಕುಂಬಳಕಾಯಿ ಅಡಗದು.

ಆದರೆ ಹಾಸ್ಯಗಾರನ ಅನುಮಾನಕ್ಕೂ ಒಂದು ಬೇಲಿ ಇದೆ. ನಕಲಿ ಸ್ವಾಮಿ ಸಿಕ್ಕಿಬಿದ್ದ ಬೆನ್ನಲ್ಲೇ ಅಸಲಿ ಸ್ವಾಮಿ ಬಂದು ಆಶೀರ್ವಾದ ಮಾಡುತ್ತಾನೆ, ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಾರೆ. ಅನುಮಾನ ಮೋಸಗಾರನ ಮೇಲೆ ಮಾತ್ರ, ಪವಾಡದ ಮೇಲಲ್ಲ. ಭಕ್ತಿನಾಟಕದಲ್ಲಿ ಕಣ್ಣೆದುರೇ ದೃಶ್ಯ ಬದಲಾಗುವ ಟ್ರಾನ್ಸ್‌ಫರ್ ಸೀನ್ ನೋಡಿ: ಹಗ್ಗ, ರಾಟೆ, ಬಣ್ಣದ ಬೆಳಕು ಹಿಡಿದು ಪರದೆಯ ಹಿಂದೆ ಬೆವರು ಸುರಿಸುವವರು ಮಾಡುತ್ತಿರುವುದು ಶುದ್ಧ ಭೌತವಿಜ್ಞಾನ. ಅದರಿಂದ ಹುಟ್ಟುವುದು ಮಾತ್ರ ಪವಾಡ! ಇನ್ನು ತೊದಲುವವರ, ಕುಳ್ಳರ, ಕಪ್ಪು ಹೆಣ್ಣಿನ ಮೇಲೆ ನಗುವ ಚಾಳಿ, ಈಚಿನ ದ್ವಂದ್ವಾರ್ಥದ ಸುರಿಮಳೆ ಬೇರೆಯೇ ಕಥೆ. ಅಲ್ಲಿ ವಿಜ್ಞಾನವಿರಲಿ, ವಿವೇಕವೂ ಇಲ್ಲ.

ವಿಜ್ಞಾನ ಓದಿದವರು ಬರೆದರೆ ವಿಜ್ಞಾನ ಬರುತ್ತದೆಯೇ? ತಮಿಳಿನ ನಗೆನಾಟಕಕಾರ ಕ್ರೇಜಿ ಮೋಹನ್ ಮೆಕ್ಯಾನಿಕಲ್ ಎಂಜಿನಿಯರ್. ತಮಿಳು ಮನೆಮಾತಿನ ನಮ್ಮ ಕೈಲಾಸಂ ಲಂಡನ್ನಿನಲ್ಲಿ ಭೂವಿಜ್ಞಾನ ಕಲಿತು ಮೈಸೂರಿನ ಭೂಗರ್ಭ ಇಲಾಖೆಯಲ್ಲಿದ್ದವರು. ಆದರೂ ಅವರ ‘ಟೊಳ್ಳು ಗಟ್ಟಿ’ ನಾಟಕದಲ್ಲಿ ಕಲ್ಲಿನ ಮಾತಿಲ್ಲ. ಒಂದೇ ಮನೆಯ ಇಬ್ಬರು ಹುಡುಗರಿದ್ದಾರೆ, ಒಬ್ಬ ಪಾಠ ಗಟ್ಟಿಮಾಡುವವ, ಇನ್ನೊಬ್ಬ ಮನೆಯವರಿಗೆ ಒದಗುವವ. ಕೈಲಾಸಂ ಆ ಮನೆಗೆ ಕಷ್ಟ ತಂದೊಡ್ಡಿ ಯಾರು ಏನೆಂದು ನೋಡುತ್ತಾರೆ. ಪರೀಕ್ಷೆಗೆ ಇಷ್ಟೇ ಸಾಕು. ಇದಕ್ಕೆ ಬದಲಾಗಿ, ಜನರಿಗೆ ವಿಜ್ಞಾನ ಮುಟ್ಟಿಸಲು ಹೊರಟ 1987ರ ಜನವಿಜ್ಞಾನ ಜಾಥಾದ ಬಳುವಳಿಯಾಗಿ ಬಂದ ಬೀದಿನಾಟಕಗಳು ಸೂತ್ರ, ಸಿದ್ಧಾಂತವನ್ನು ನೇರವಾಗಿಯೇ ಹೇಳಿದವು. ಉದ್ದೇಶ ದೊಡ್ಡದು, ನಗೆ ಕಡಿಮೆ. ಹಳ್ಳಿಯ ಜನ ಕೇಳಿ ತಲೆಯಾಡಿಸಿದರು, ಮುಷ್ಟಿ ಹಿಡಿದ ಹಾಸ್ಯಗಾರನಿಗಾದರೆ ಬಿದ್ದುಬಿದ್ದು ನಕ್ಕಿದ್ದರು.

ಅಚ್ಚಾದ ನಾಟಕದ ಪುಸ್ತಕಗಳಲ್ಲಿ ಈ ಹಾಸ್ಯಗಾರ ಪೂರ್ತಿ ಸಿಗುವುದಿಲ್ಲ. ಅವನ ಮಾತಿನ ಬಹುಪಾಲು ಆ ರಾತ್ರಿ, ಆ ಊರಿನ ಜನರ ಮುಖ ನೋಡಿ ಹುಟ್ಟಿದ್ದು. ದೊಡ್ಡಾಟಕ್ಕೆ ಕಲಾವಿದ ಟಿ.ಬಿ. ಸೊಲಬಕ್ಕನವರ ಹೊಸ ಜೀವ ಕೊಟ್ಟ ನೆಲ ಈ ಹಾನಗಲ್ಲ, ಶಿಗ್ಗಾವಿಯ ಸೀಮೆ, ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲೇ ಜಾನಪದ ವಿಶ್ವವಿದ್ಯಾಲಯವಿದೆ. ಹಳೆಯ ಹಾಸ್ಯಗಾರರ ಮಾತನ್ನು ಅವರು ಇರುವಾಗಲೇ, ಜನರೆದುರು ಆಡಿಸಿ, ಪ್ರೇಕ್ಷಕರ ನಗೆಯ ಸಮೇತ ಧ್ವನಿಮುದ್ರಿಸಿಕೊಳ್ಳುವ ಕೆಲಸವನ್ನು ವಿಶ್ವವಿದ್ಯಾಲಯ ಕೈಗೆತ್ತಿಕೊಳ್ಳಲಿ.