ಪ್ರಸಂಗದ ಕೇಂದ್ರ: ಧಾರವಾಡ ಸೀಮೆಯ ಕ್ರೈಸ್ತ ಬೋಧನೆಯನ್ನು ಕುರಿತು ಒಂದು ವಿಮರ್ಶೆ

ಕ್ರೈಸ್ತ ಧರ್ಮದಲ್ಲಿ ಪ್ರಸಂಗಕ್ಕೆ ಸಲ್ಲುವ ಸ್ಥಾನ ಹಿರಿದು. ಅದರಲ್ಲಿಯೂ ಸುಧಾರಿತ ಸಭೆಗಳಲ್ಲಿ ಆರಾಧನೆಯ ಮುಖ್ಯಾಂಗವೇ ವಾಕ್ಯದ ವಿವರಣೆ. ಸಂತ ಪೌಲನು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದಲ್ಲಿ ತನ್ನ ಬೋಧೆಯನ್ನು ಶಿಲುಬೆಗೇರಿದ ಕ್ರಿಸ್ತನೊಬ್ಬನಿಗೇ ಮೀಸಲಿಟ್ಟುದಾಗಿ ಹೇಳಿಕೊಂಡಿದ್ದಾನೆ. ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡರೆ, ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಗೆ ಬಂದ ಬಾಸೆಲ್ ಮಿಶನ್ನಿನ ಬೋಧಕರು ತಮ್ಮ ಕೇಂದ್ರಕ್ಕೆ ಎಷ್ಟರಮಟ್ಟಿಗೆ ನಿಷ್ಠರಾಗಿದ್ದರು? ಮತದ ಸತ್ಯಾಸತ್ಯತೆಯ ನಿರ್ಣಯ ಇತಿಹಾಸಕಾರನ ಕೆಲಸವಲ್ಲ. ಬೋಧಕನು ತಾನೇ ಒಪ್ಪಿಕೊಂಡ ಅಳತೆಯಿಂದ ಅವನ ಕೆಲಸವನ್ನು ಪರೀಕ್ಷಿಸುವುದಷ್ಟೇ ಇಲ್ಲಿ ನಮ್ಮ ಉದ್ದೇಶ.

ಮೊದಲು ಕೇಳುಗನನ್ನು ಕುರಿತು ಎರಡು ಮಾತು. ಮಿಶನ್ನಿನ ಮುಖ್ಯ ಠಾಣ್ಯಗಳು ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿದ್ದುವು; ಅವುಗಳ ದಕ್ಷಿಣಕ್ಕೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ನಾಡು ಹಬ್ಬಿದೆ. 1997ರಲ್ಲಿ ಹಾವೇರಿ ಜಿಲ್ಲೆ ಪ್ರತ್ಯೇಕವಾಗುವವರೆಗೆ ಈ ನಾಲ್ಕು ತಾಲ್ಲೂಕುಗಳೂ ಧಾರವಾಡ ಜಿಲ್ಲೆಗೇ ಸೇರಿದ್ದುವು. ಈ ಸೀಮೆಯ ಕೇಳುಗನ ಕಿವಿ ಹೇಗೆ ಪಳಗಿತ್ತೆಂಬುದನ್ನು ಅರಿಯಲು ಇವುಗಳಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಕನಕದಾಸರ ಬಾಡ ಶಿಗ್ಗಾವಿ ತಾಲ್ಲೂಕಿನಲ್ಲಿದೆ. ಅದೇ ತಾಲ್ಲೂಕಿನ ಶಿಶುನಾಳದಲ್ಲಿ ಷರೀಫ ಸಾಹೇಬರು (1819–1889) ಸೋರುವ ಮನೆಯಂತಹ ನಿತ್ಯದ ವಸ್ತುಗಳಲ್ಲಿ ತತ್ತ್ವವನ್ನು ಕಂಡು ಹಾಡಿದರು. ಕಾಲದೃಷ್ಟಿಯಿಂದ ಅವರು ಮಿಶನರಿಗಳ ಸಮಕಾಲೀನರೇ ಆಗಿದ್ದರು. ನವಾಬರ ಸವಣೂರಿನಲ್ಲಿ ಮಾಧ್ವ ಯತಿ ಸತ್ಯಬೋಧತೀರ್ಥರ ವೃಂದಾವನವಿದೆ. ಹಿರೇಕೆರೂರು ಸೀಮೆಯ ಅಬಲೂರಿನ ಶಾಸನವು ಏಕಾಂತದ ರಾಮಯ್ಯನು ಜೈನರೊಡನೆ ಶಿರಸ್ಸನ್ನೇ ಪಣವೊಡ್ಡಿ ನಡೆಸಿದ ವಾದದ ಕಥೆಯನ್ನು ಕಾಯ್ದಿರಿಸಿದೆ. ಹಾನಗಲ್ಲಿನ ವಿರಕ್ತಮಠದ ಕುಮಾರಸ್ವಾಮಿಗಳು ಮುಂದೆ 1909ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿ ಧರ್ಮಬೋಧಕರ ಶಿಕ್ಷಣಕ್ಕೆ ವ್ಯವಸ್ಥೆ ಮಾಡಿದುದೂ ಇದೇ ಪರಂಪರೆಯ ಮುಂದುವರಿಕೆ. ಇಂತಹ ನಾಡಿಗೆ ಬಂದ ಹೊಸ ಬೋಧಕನ ಮುಂದಿದ್ದುದು ಬರಿದಾದ ನೆಲವಲ್ಲ. ವಾದ, ಪವಾಡ, ಪುರಾಣ, ಪದ ಇವೆಲ್ಲವನ್ನೂ ಕೇಳಿ ತೂಗಬಲ್ಲ ಜನ ಅಲ್ಲಿದ್ದರು.

1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಯೂರಿದರು. ಸಂತೆ ಜಾತ್ರೆಗಳಲ್ಲಿ ನಿಂತು ಬೋಧಿಸುವುದು ಅವರ ಪದ್ಧತಿ. ಆ ಬೋಧನೆಯಲ್ಲಿ ಖಂಡನೆಗೆ ದೊರೆತ ಪಾಲು ಕಡಮೆಯದಲ್ಲ. ಮಂಗಳೂರಿನ ಮುದ್ರಣಾಲಯದಿಂದ ಹೊರಬಂದ ‘ಜಾತಿ ವಿಚಾರಣೆ’, ‘ದೇವ ವಿಚಾರಣೆ’ಗಳಂತಹ ಕಿರುಹೊತ್ತಗೆಗಳ ಹೆಸರುಗಳೇ ಇದಕ್ಕೆ ಸಾಕ್ಷಿ. ಜಾತಿಯ ಕ್ರೌರ್ಯವನ್ನು ಪ್ರಶ್ನಿಸಿದುದು ತಪ್ಪೆಂದು ನಾವು ಹೇಳುವುದಿಲ್ಲ; ಆ ಪ್ರಶ್ನೆಯನ್ನು ಶರಣರೂ ದಾಸರೂ ಅದಕ್ಕೆ ಮೊದಲೇ ಎತ್ತಿದ್ದರು. ಆದರೆ ಪರರ ದೇವರು ಸುಳ್ಳೆಂದು ಸಾಧಿಸುವುದರಲ್ಲಿಯೇ ಹೊತ್ತು ಕಳೆದ ಬೋಧಕನು ತನ್ನ ದೇವರನ್ನು ಕುರಿತು ಇನ್ನೂ ಏನನ್ನೂ ಹೇಳಿರುವುದಿಲ್ಲ. ಅಬಲೂರಿನ ವಾದವನ್ನು ನೆನಪಿನಲ್ಲಿಟ್ಟುಕೊಂಡ ಜನಕ್ಕೆ ಇದು ಇನ್ನೊಂದು ಮತಜಗಳವಾಗಿ ತೋರಿದರೆ ಆಶ್ಚರ್ಯವಿಲ್ಲ. ಪೌಲನ ಅಳತೆಗೋಲಿನಿಂದ ನೋಡಿದರೆ ಇಂತಹ ಪ್ರಸಂಗದಲ್ಲಿ ಕೇಂದ್ರವೇ ಬರಿದಾಗಿದೆ.

ಕೇಂದ್ರವು ತಪ್ಪುವ ಇನ್ನೊಂದು ಬಗೆಯನ್ನು ‘ಕಾಲಜ್ಞಾನಿ’ಗಳ ಪ್ರಕರಣ ತೋರಿಸುತ್ತದೆ. ಸುಮಾರು 1840ರ ಹೊತ್ತಿಗೆ ಕಾಲಜ್ಞಾನದ ವಚನಗಳನ್ನು ನಂಬಿದ ಒಂದು ಪಂಥದವರು, ಭವಿಷ್ಯದಲ್ಲಿ ಹೇಳಿದ ಗುರುಗಳು ಇವರೇ ಇರಬಹುದೆಂದು ಭಾವಿಸಿ ಹುಬ್ಬಳ್ಳಿಯ ಮಿಶನರಿಗಳನ್ನು ಕಂಡರು. ಸಾವಿರಾರು ಜನ ಸಭೆಗೆ ಸೇರುವರೆಂಬ ಆಶೆ ಮಿಶನ್ನಿನಲ್ಲಿ ಹುಟ್ಟಿತು. 1841ರಲ್ಲಿ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಕೃಷಿವಸತಿಯೊಂದನ್ನು ಕಟ್ಟಲಾಯಿತು. ನಿರೀಕ್ಷಿಸಿದ ಸಮೂಹ ಬರಲಿಲ್ಲ. ವಸತಿಯನ್ನು ಮುಂದೆ ಕೈಬಿಡಬೇಕಾಯಿತು. ಬಂದವರು ಅರಸಿದುದು ತಮ್ಮ ಕಾಲಜ್ಞಾನದ ಫಲವನ್ನು. ಬೋಧಕರು ಅರಸಿದುದು ಸಂಖ್ಯೆಯನ್ನು. ಇಬ್ಬರ ನಡುವೆ ಹೇಳಬೇಕಾಗಿದ್ದ ಮಾತು ಹಿಂದೆ ಬಿದ್ದಿತು. ಭೂಮಿ, ಆಶ್ರಯಗಳನ್ನು ಕೊಡುವುದು ಪುಣ್ಯಕಾರ್ಯವೇ ಸರಿ. ಆದರೆ ಅವು ಪ್ರಸಂಗದ ಸ್ಥಾನವನ್ನು ಆಕ್ರಮಿಸಿದಾಗ ಕೊಟ್ಟವನಿಗೂ ಪಡೆದವನಿಗೂ ಭ್ರಮನಿರಸನ ತಪ್ಪುವುದಿಲ್ಲ.

ಇದೇ ಮಿಶನ್ನಿನಲ್ಲಿ ಬೇರೊಂದು ದಾರಿಯೂ ಇತ್ತು. ಹರ್ಮನ್ ಮೋಗ್ಲಿಂಗನು ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯಲ್ಲಿ ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳನ್ನು ಅಚ್ಚು ಮಾಡಿಸಿದನು. ಬಾಡದ ಕನಕದಾಸರನ್ನು ಮುದ್ರಿತ ಪುಸ್ತಕಕ್ಕೆ ತಂದ ಮೊದಲಿಗರಲ್ಲಿ ಒಬ್ಬ ಕ್ರೈಸ್ತ ಬೋಧಕನಿದ್ದನೆಂಬುದು ಗಮನಾರ್ಹ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟೆಲ್ಲನು, 1894ರ ನಿಘಂಟಿಗೆ ಬಹಳ ಮೊದಲೇ, 1862ರಲ್ಲಿ ‘ಕಥಾಮಾಲೆ’ಯನ್ನು ಪ್ರಕಟಿಸಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳಿದನು. ಈ ಕೃತಿಯ ಕಾವ್ಯಗುಣ ಚರ್ಚಾಸ್ಪದವಾಗಬಹುದು. ಆದರೆ ಅದರ ಮಧ್ಯದಲ್ಲಿ ಕ್ರಿಸ್ತನಿದ್ದಾನೆ, ಕಿವಿಗೆ ಬೀಳುವ ನಡೆ ಕನ್ನಡದ್ದಾಗಿದೆ. ಖಂಡನೆಯ ಹೊತ್ತಗೆಗಳಿಗಿಂತ ಇದು ಹೆಚ್ಚು ನಿಷ್ಠೆಯ ಪ್ರಸಂಗವೆಂಬುದು ನಮ್ಮ ಅಭಿಪ್ರಾಯ.

ದೇಶೀಯ ರೂಪವನ್ನು ತಳೆದರೆ ಸಂದೇಶವು ತೆಳುವಾಗುವುದಿಲ್ಲವೆ ಎಂಬ ಆಕ್ಷೇಪವುಂಟು. ಬಿತ್ತುವವನ ಸಾಮ್ಯವನ್ನು ತೆಗೆದುಕೊಳ್ಳೋಣ. ಅಲ್ಲಿ ರೈತನು ಬೀಜವನ್ನು ಕೈಯಿಂದ ಎರಚುತ್ತಾನೆ. ಆದುದರಿಂದಲೇ ಕೆಲವು ದಾರಿಯ ಮಗ್ಗುಲಲ್ಲಿಯೂ ಕೆಲವು ಮುಳ್ಳಿನಲ್ಲಿಯೂ ಬೀಳುತ್ತವೆ. ಹಾನಗಲ್ಲಿನ ರೈತನಾದರೋ ಭತ್ತವನ್ನೂ ಕೂರಿಗೆಯಿಂದ ಸಾಲಿನಲ್ಲಿ ಬಿತ್ತಿ ಬಲ್ಲವನು. ಬೀಜವನ್ನು ದಾರಿಯ ಮೇಲೆ ಚೆಲ್ಲುವವನು ಅವನಿಗೆ ಹೆಡ್ಡನಂತೆ ತೋರಬಹುದು. ಆಗ ಬೋಧಕನ ಮುಂದೆ ಎರಡು ದಾರಿಗಳಿವೆ. ಸಾಮ್ಯವನ್ನು ಬೇಸಾಯದ ನೀತಿಯನ್ನಾಗಿ ಮಾಡಿ, ಜಾಗ್ರತೆಯಿಂದ ದುಡಿಯಿರೆಂದು ಹೇಳಿ ಮುಗಿಸುವುದು ಸುಲಭದ ದಾರಿ. ಎರಚಿ ಬಿತ್ತುವ ಆ ದೇಶದ ರೂಢಿಯನ್ನು ತಿಳಿಸಿ, ಬೀಜವೆಂದರೆ ವಾಕ್ಯವೆಂದು ಯೇಸುವೇ ಕೊಟ್ಟ ಅರ್ಥಕ್ಕೆ ಕೇಳುಗನನ್ನು ತಲುಪಿಸುವುದು ಕಷ್ಟದ ದಾರಿ. ಮೊದಲನೆಯದರಲ್ಲಿ ಕ್ರಿಸ್ತನಿಲ್ಲದೆಯೂ ಪ್ರಸಂಗ ನಡೆಯುತ್ತದೆ, ಎರಡನೆಯದರಲ್ಲಿ ನಡೆಯಲಾರದು. ಕೂರಿಗೆಯನ್ನು ಅರಿಯದ ಬೋಧಕನು ಈ ಎರಡನೆಯ ದಾರಿಯನ್ನು ತುಳಿಯಲಾರನು. ಅಥೇನೆಯಲ್ಲಿ ಗ್ರೀಕರ ಕವಿಗಳನ್ನೂ ಆಧಾರವಾಗಿ ಹಿಡಿದು ಮಾತನಾಡಿದ ಪೌಲನು ಕಡೆಗೆ ಬಂದು ನಿಂತುದು ಪುನರುತ್ಥಾನದ ವಿಷಯದಲ್ಲಿ. ಆರಂಭ ಕೇಳುಗನ ನೆಲದಲ್ಲಿ, ಮುಕ್ತಾಯ ತನ್ನ ಕೇಂದ್ರದಲ್ಲಿ.

ಈ ವಿಮರ್ಶೆಗೆ ಒಂದು ಮಿತಿಯುಂಟು. ಮಿಶನ್ನಿನ ವರದಿಗಳು ಬಹುಮಟ್ಟಿಗೆ ಯೂರೋಪಿನ ಪೋಷಕರಿಗಾಗಿ ಬರೆದವು. ಸಂತೆಯಲ್ಲಿ ನಿಂತು ಕೇಳಿದ ರೈತನು, ನೇಕಾರನು ತನಗೆ ಏನೆನಿಸಿತೆಂದು ಬರೆದಿಡಲಿಲ್ಲ. ಆದುದರಿಂದ ವಿದ್ಯಾರ್ಥಿಗಳು ಈ ವರದಿಗಳನ್ನು ಓದುವಾಗ ಎಷ್ಟು ಜನ ಸೇರಿದರೆಂಬ ಲೆಕ್ಕಕ್ಕೆ ಮಾರುಹೋಗದೆ, ಅಲ್ಲಿ ನಿಜವಾಗಿ ಏನನ್ನು ಹೇಳಲಾಯಿತೆಂಬುದನ್ನು ವಿಚಾರಿಸಬೇಕು. ಮಲ್ಲಸಮುದ್ರದ ಲೆಕ್ಕವು ಹುಸಿಯಾಯಿತು. ದಾಸರ ಪದಗಳ ಮುದ್ರಣ, ‘ಕಥಾಮಾಲೆ’, ನಿಘಂಟುಗಳು ಉಳಿದುವು. ತನ್ನ ಮಾತಿಗೂ ಕೇಳುಗನ ಭಾಷೆಗೂ ಏಕಕಾಲದಲ್ಲಿ ನಿಷ್ಠನಾಗಿರುವುದು ಯಾವ ಮತದ ಬೋಧಕನಿಗೂ ಸುಲಭವಲ್ಲ. ಆ ಕಷ್ಟವನ್ನು ಹೊತ್ತವರ ಕೆಲಸವೇ ಈ ಸೀಮೆಯ ಚರಿತ್ರೆಯಲ್ಲಿ ನಿಂತಿತೆಂಬುದು ನಮ್ಮ ನಿರ್ಣಯ.