ಮೊದಲ ಇಂಜೆಕ್ಷನ್ನಿಗೂ ಮುಂಚೆ

ಆಟಿಯ ಮಳೆ ಹಿಡಿದುಕೊಂಡಿತೆಂದರೆ ಪುತ್ತೂರು, ಸುಳ್ಯ, ಕಡಬದ ಕ್ಲಿನಿಕ್ಕುಗಳಲ್ಲಿ ಕೂರಲು ಜಾಗ ಸಿಗುವುದು ಕಷ್ಟ. ಶೀತ, ಜ್ವರ, ಕೆಮ್ಮು, ಮೈಕೈ ನೋವು. ಹೆಚ್ಚಿನವು ವೈರಸ್ಸಿನವು, ಐದಾರು ದಿನದಲ್ಲಿ ತಾವಾಗಿ ಇಳಿಯುವಂಥವು. ಆದರೂ ಮೂರು ದಿನಕ್ಕೆಂದು ಕಟ್ಟಿಕೊಡುವ ಮಾತ್ರೆಗಳಲ್ಲಿ ಬಹಳ ಸಲ ಒಂದು ಆಂಟಿಬಯೋಟಿಕ್ ಸೇರಿರುತ್ತದೆ. ಜ್ವರ ಬಿಡದಿದ್ದರೆ ಇಂಜೆಕ್ಷನ್. ಅದಕ್ಕೂ ಬಗ್ಗದಿದ್ದರೆ ಇನ್ನೊಬ್ಬ ಡಾಕ್ಟರು, ಇನ್ನೊಂದು ಆಂಟಿಬಯೋಟಿಕ್. ಏಳೆಂಟನೆಯ ದಿನ ಏದುಸಿರು ಬಂದು, ಬಿಪಿ ಇಳಿದು, ‘ಮಂಗಳೂರಿಗೆ ಬರೆದುಕೊಟ್ಟಿದ್ದಾರೆ’ ಎಂದು ಆಂಬುಲೆನ್ಸ್ ಹತ್ತುವ ಹೊತ್ತಿಗೆ ರೋಗಿಯ ಮೈಯಲ್ಲಿ ಎರಡು ಮೂರು ಬಗೆಯ ಔಷಧಿ ಸೇರಿರುತ್ತದೆ. ಆ ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾ ಇದೆ ಎಂದು ಕಲ್ಚರ್ ಬಾಟಲಿಗೆ ಹಾಕಿ ನೋಡುವುದು ಮಾತ್ರ ಅಲ್ಲಿಯವರೆಗೂ ಆಗಿರುವುದಿಲ್ಲ. ಈ ವಾಡಿಕೆಯನ್ನು ಇಲ್ಲಿ ಒರೆಗೆ ಹಚ್ಚಬೇಕಾಗಿದೆ.

ಮೊದಲಿಗೆ ಒಂದು ಮಾತು ಒಪ್ಪಬೇಕು. ಇದರ ಹಿಂದಿರುವ ಭಯ ಸುಳ್ಳಲ್ಲ. ವೈರಸ್ ಬಂದ ದಾರಿಯಲ್ಲೇ ಬ್ಯಾಕ್ಟೀರಿಯಾ ಬರುತ್ತದೆ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಪೊರಕೆಯಂತೆ ಮೇಲಕ್ಕೆ ಗುಡಿಸುವ ಸಣ್ಣ ರೋಮಗಳಿವೆ. ಇನ್‌ಫ್ಲುಯೆಂಜಾ ವೈರಸ್ ಆ ಪದರವನ್ನೇ ಕಿತ್ತುಹಾಕುತ್ತದೆ. ವೈರಸ್ಸಿನ ವಿರುದ್ಧ ದೇಹ ಹೂಡುವ ಹೋರಾಟವೇ ಬ್ಯಾಕ್ಟೀರಿಯಾವನ್ನು ನುಂಗುವ ಬಿಳಿ ರಕ್ತಕಣಗಳನ್ನು ಕೆಲವು ದಿನ ಮಂಕಾಗಿಸುತ್ತದೆ. ಅಲ್ಲಿಯವರೆಗೆ ಮೂಗು ಗಂಟಲಲ್ಲಿ ಸುಮ್ಮನಿದ್ದ ನ್ಯೂಮೋಕಾಕಸ್, ಸ್ಟೆಫಿಲೋಕಾಕಸ್‌ಗಳು ಶ್ವಾಸಕೋಶಕ್ಕೆ ಇಳಿದು, ಅಲ್ಲಿಂದ ರಕ್ತಕ್ಕೆ ನುಗ್ಗುತ್ತವೆ. ನಂಜು ಏರುವುದು ಹೀಗೆ. 1918ರ ಮಹಾಜ್ವರದಲ್ಲಿ ಸತ್ತವರ ಶ್ವಾಸಕೋಶದ ಉಳಿದ ತುಣುಕುಗಳನ್ನು ಅಮೆರಿಕದ ಮೊರೆನ್ಸ್, ಟೌಬೆನ್‌ಬರ್ಗರ್ ಮತ್ತು ಫೌಚಿ ಮತ್ತೆ ಪರೀಕ್ಷಿಸಿ, ಹಳೆಯ ಶವಪರೀಕ್ಷೆಗಳ ವರದಿಗಳನ್ನೂ ಓದಿ 2008ರಲ್ಲಿ ಒಂದು ತೀರ್ಮಾನಕ್ಕೆ ಬಂದರು. ಬಹುಪಾಲು ಸಾವು ವೈರಸ್ ಒಂದರಿಂದಲೇ ಆದದ್ದಲ್ಲ, ಹಿಂದಿನಿಂದ ಬಂದ ಬ್ಯಾಕ್ಟೀರಿಯಾದ ನ್ಯುಮೋನಿಯಾದಿಂದ ಆದದ್ದು. 2009ರ ಎಚ್1ಎನ್1 ಕಾಲದಲ್ಲಿ ಅಮೆರಿಕದಲ್ಲಿ ಸತ್ತ 77 ಮಂದಿಯ ಅಂಗಾಂಶ ನೋಡಿದಾಗ 22 ಮಂದಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು.

ಹಾಗಾದರೆ ಮುಂಜಾಗ್ರತೆಗೆಂದು ಆಂಟಿಬಯೋಟಿಕ್ ಕೊಟ್ಟರೆ ತಪ್ಪೇನು? ಇಲ್ಲಿ ನಮ್ಮ ದೇಶದ್ದೇ ಲೆಕ್ಕ ನೋಡಬೇಕು. 2020ರ ಜೂನ್‌ನಿಂದ ಆಗಸ್ಟ್‌ವರೆಗೆ ಐಸಿಎಂಆರ್ ಜಾಲದ 10 ಆಸ್ಪತ್ರೆಗಳಲ್ಲಿ ದಾಖಲಾದ 17,534 ಕೋವಿಡ್ ರೋಗಿಗಳಲ್ಲಿ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಎರಡನೆಯ ಸೋಂಕು ತಗುಲಿದ್ದು ಶೇ. 3.6 ಮಂದಿಗೆ ಮಾತ್ರ. ಆದರೆ ತಗುಲಿದವರಲ್ಲಿ ಶೇ. 56.7 ಮಂದಿ ಸತ್ತರು. ಒಟ್ಟು ರೋಗಿಗಳಲ್ಲಿ ಸಾವಿನ ಪ್ರಮಾಣ ಶೇ. 10.6. ಈ ಅಂಕಿಗಳನ್ನು ಬಿಡಿಬಿಡಿಯಾಗಿ ಓದಬಾರದು. ನೂರರಲ್ಲಿ ಮೂರು ನಾಲ್ಕು ಮಂದಿಗೆ ಬರುವ ಕಾಯಿಲೆಗೆ ನೂರೂ ಮಂದಿಗೆ ಔಷಧಿ ಕೊಡುವುದು ಒಂದು ದೋಷ. ಆ ಮೂರು ನಾಲ್ಕು ಮಂದಿ ಯಾರೆಂದು ಹುಡುಕದೇ ಇರುವುದು ಅದಕ್ಕಿಂತ ದೊಡ್ಡ ದೋಷ. ನಮ್ಮ ವಾಡಿಕೆಯಲ್ಲಿ ಇವೆರಡೂ ಒಟ್ಟಿಗೇ ನಡೆಯುತ್ತಿವೆ.

ಅದೇ ಅಧ್ಯಯನದಲ್ಲಿ ಹೆಚ್ಚಾಗಿ ಸಿಕ್ಕ ಕ್ರಿಮಿಗಳೆಂದರೆ ಕ್ಲೆಬ್ಸಿಯೆಲ್ಲಾ, ಆಮೇಲೆ ಅಸಿನೆಟೋಬ್ಯಾಕ್ಟರ್. ಇವು ಮನೆಯಲ್ಲಿ ನೆಗಡಿಯಾದವನ ಗಂಟಲಿಂದ ಇಳಿಯುವ ಜಾತಿಯವಲ್ಲ. ಐಸಿಯುವಿನಲ್ಲಿ, ವೆಂಟಿಲೇಟರ್ ಕೊಳವೆಯಲ್ಲಿ, ಕತ್ತಿನ ರಕ್ತನಾಳಕ್ಕೆ ಹಾಕಿದ ಲೈನ್‌ನಲ್ಲಿ, ತೊಳೆಯದ ಕೈಯಲ್ಲಿ ಇರುವಂಥವು. ಸ್ಟಿರಾಯ್ಡ್ ಕೊಟ್ಟು ಪ್ರತಿರೋಧ ಕುಗ್ಗಿದ ಮೈಯಲ್ಲಿ ಅವಕ್ಕೆ ತಡೆಯಿಲ್ಲ. ಅಂದರೆ ‘ವೈರಸ್ಸಿನ ಮೇಲೆ ಬ್ಯಾಕ್ಟೀರಿಯಾ’ ಎಂದು ನಾವು ಒಂದೇ ಉಸಿರಿನಲ್ಲಿ ಹೇಳುವುದರಲ್ಲಿ ಎರಡು ಬೇರೆ ಕಾಯಿಲೆಗಳಿವೆ. ಒಂದು ಊರಿನಲ್ಲಿ ಹುಟ್ಟುವುದು, ಇನ್ನೊಂದು ಆಸ್ಪತ್ರೆಯಲ್ಲಿ ಹುಟ್ಟುವುದು. ಎರಡನೆಯದನ್ನು ಕ್ಲಿನಿಕ್ಕಿನ ಅಜಿತ್ರೋಮೈಸಿನ್ ತಡೆಯಲಾರದು. ಬದಲಿಗೆ ಮೈಯೊಳಗಿನ ಮೆದು ಕ್ರಿಮಿಗಳನ್ನು ಮೊದಲೇ ಕೊಂದು, ಮೊಂಡು ಕ್ರಿಮಿಗಳಿಗೆ ಜಾಗ ಮಾಡಿಕೊಡುತ್ತದೆ.

ರಕ್ತದ ಕಲ್ಚರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಚರ್ಮವನ್ನು ಚೆನ್ನಾಗಿ ಒರೆಸಿ, ದೊಡ್ಡವರಲ್ಲಾದರೆ ಬಾಟಲಿಗೆ 8ರಿಂದ 10 ಮಿ.ಲೀ. ರಕ್ತ, ಎರಡು ಬೇರೆ ಕಡೆಯಿಂದ. ಯಂತ್ರ ಐದು ದಿನ ಅದನ್ನು ಬೆಚ್ಚಗಿಟ್ಟು ಗಮನಿಸುತ್ತದೆ. ನಿಜವಾದ ಸೋಂಕಿದ್ದರೆ ಬಹಳ ಸಲ ಎರಡು ದಿನದೊಳಗೇ ಸುಳಿವು ಸಿಗುತ್ತದೆ. ಆದರೆ ಒಂದು ಷರತ್ತು: ಆಂಟಿಬಯೋಟಿಕ್‌ಗೆ ಮೊದಲು ರಕ್ತ ತೆಗೆಯಬೇಕು. 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತೀವ್ರ ನಂಜಿನ 325 ರೋಗಿಗಳ ರಕ್ತವನ್ನು ಔಷಧಿಗೆ ಮುಂಚೆ ಒಮ್ಮೆ, ಔಷಧಿ ಕೊಟ್ಟು ಎರಡು ಗಂಟೆಯೊಳಗೆ ಇನ್ನೊಮ್ಮೆ ತೆಗೆದರು. ಮೊದಲಿನದರಲ್ಲಿ ಶೇ. 31.4 ಮಂದಿಯಲ್ಲಿ ಕ್ರಿಮಿ ಸಿಕ್ಕಿತು, ಆಮೇಲಿನದರಲ್ಲಿ ಶೇ. 19.4. ಒಂದೇ ಡೋಸು, ಎರಡೇ ಗಂಟೆ. ಒಂದು ವಾರ ಔಷಧಿ ತಿಂದು ಬಂದವನ ಬಾಟಲಿ ಏನು ಹೇಳೀತು?

ಕರಾವಳಿಯವರಾದ ನಮಗೆ ಈ ಪ್ರಶ್ನೆ ಇನ್ನೂ ಹತ್ತಿರದ್ದು. ಮೆಲಿಯಾಯ್ಡೋಸಿಸ್ ಎಂಬ ಕಾಯಿಲೆ ನಮ್ಮ ನೀರು, ಮಣ್ಣಿನದು. ಮಣಿಪಾಲದ ವೈದ್ಯರು ವರ್ಷಗಳಿಂದ ಇದನ್ನು ಗುರುತಿಸುತ್ತ ಬಂದಿದ್ದಾರೆ. ಮಳೆಗಾಲದಲ್ಲಿ ಹೆಚ್ಚು, ಶುಗರ್ ಇರುವವರಲ್ಲಿ ಹೆಚ್ಚು, ಕೆಸರಿನಲ್ಲಿ ದುಡಿಯುವವರಲ್ಲಿ ಹೆಚ್ಚು. ನ್ಯುಮೋನಿಯಾದಂತೆ ಬಂದು ರಕ್ತಕ್ಕೇರುತ್ತದೆ. ಎಲ್ಲರೂ ಮೊದಲು ಹಾಕುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ನಂಬತಕ್ಕ ಮದ್ದಲ್ಲ. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು, ಆಮೇಲೆ ತಿಂಗಳುಗಟ್ಟಲೆ ಮಾತ್ರೆ ಬೇಕು. ತೋಟದಿಂದ ಜ್ವರ ಹಿಡಿದುಕೊಂಡು ಬಂದ, ಶುಗರ್ ಇರುವ ಐವತ್ತರ ಕೃಷಿಕನಿಗೆ ‘ವೈರಲ್ ಆಗಿತ್ತು, ಈಗ ಕಫಕ್ಕೆ ಇನ್ಫೆಕ್ಷನ್’ ಎಂದು ಊಹೆಯ ಮೇಲೆ ಮದ್ದು ಮಾಡಿದರೆ ಈ ಕ್ರಿಮಿ ಕೊನೆಯವರೆಗೂ ಹೆಸರಿಲ್ಲದೆ ಉಳಿಯುತ್ತದೆ. ಅದನ್ನು ಖಚಿತವಾಗಿ ಹಿಡಿಯುವುದು ಕಲ್ಚರ್ ಒಂದೇ.

ತಾಲೂಕಿನ ವೈದ್ಯರ ಕಷ್ಟವನ್ನೂ ಹೇಳದಿದ್ದರೆ ವಿಮರ್ಶೆ ಅನ್ಯಾಯದ್ದಾಗುತ್ತದೆ. ಇಲ್ಲಿ ಡೆಂಗ್ಯೂ ಇದೆ, ಇಲಿಜ್ವರ ಇದೆ. ಇಲಿಜ್ವರದ ಶಂಕೆ ಬಲವಾಗಿದ್ದರೆ ವರದಿಗೆ ಕಾಯದೆ ಡಾಕ್ಸಿಸೈಕ್ಲಿನ್ ಕೊಡುವುದು ಸರಿಯಾದ ನಿರ್ಧಾರ. ಬಿಪಿ ಬಿದ್ದವನಿಗೆ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಲೇಬೇಕು. ಜ್ವರ ಬಂದವರೆಲ್ಲರ ರಕ್ತವನ್ನೂ ಕಲ್ಚರಿಗೆ ಹಾಕಬೇಕಾಗಿಲ್ಲ. ಹಾಗೆ ಹಾಕಿದರೆ ಚರ್ಮದ ಮೇಲಿನ ಕ್ರಿಮಿ ಸೇರಿಕೊಂಡು ಸುಳ್ಳು ವರದಿಗಳೇ ತುಂಬಿಹೋಗುತ್ತವೆ. ಜೊತೆಗೆ ರೋಗಿಯ ಒತ್ತಾಯ ಬೇರೆ. ಇಂಜೆಕ್ಷನ್ ಹಾಕದ ಡಾಕ್ಟರ ಬಳಿಗೆ ಎರಡನೆಯ ಸಲ ಹೋಗುವವರು ಕಡಿಮೆ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದನ್ನು ನಾನು ಒಪ್ಪಲಾರೆ. ಗಂಭೀರವಾಗಿರುವ ರೋಗಿಯಿಂದ ರಕ್ತ ತೆಗೆಯಲು ಹಿಡಿಯುವ ಹತ್ತು ನಿಮಿಷ ಚಿಕಿತ್ಸೆಯನ್ನು ತಡಮಾಡುವುದಿಲ್ಲ. ಬಾಟಲಿ ತುಂಬಿಸಿ ಆ ಕೂಡಲೇ ಇಂಜೆಕ್ಷನ್ ಕೊಡಬಹುದು.

ಬಾಟಲಿಯೇ ಇಲ್ಲದಿದ್ದರೆ? ಸುಳ್ಯದಲ್ಲಿ ಕೆ.ವಿ.ಜಿ. ವೈದ್ಯಕೀಯ ಕಾಲೇಜಿದೆ. ವೈದ್ಯಕೀಯ ಕಾಲೇಜೆಂದ ಮೇಲೆ ಸೂಕ್ಷ್ಮಜೀವಿಶಾಸ್ತ್ರ ವಿಭಾಗ ಇರಲೇಬೇಕು. ಕಲ್ಚರ್ ಬಾಟಲಿಗೆ ಫ್ರಿಜ್ ಬೇಕಿಲ್ಲ, ಅದನ್ನು ಫ್ರಿಜ್‌ನಲ್ಲಿ ಇಡಲೂಬಾರದು. ಕಡಬದಲ್ಲೋ ಪುತ್ತೂರಿನಲ್ಲೋ ತೆಗೆದ ರಕ್ತ ಕೆಲವು ಗಂಟೆಗಳಲ್ಲಿ ಲ್ಯಾಬ್ ತಲುಪಿದರೆ ಸಾಕು. ರೋಗಿಯನ್ನೇ ಮಂಗಳೂರಿಗೆ ಮುಟ್ಟಿಸಬಲ್ಲ ರಸ್ತೆಯಲ್ಲಿ ಬಾಟಲಿ ಹೋಗಲಾರದೆ? ಪುತ್ತೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಎಂದು 2025ರ ರಾಜ್ಯ ಬಜೆಟ್‌ನಲ್ಲಿ ಘೋಷಣೆಯಾಗಿದೆ. ಕಟ್ಟಡದ ನಕ್ಷೆಗಿಂತ ಮುಂಚೆ ಮೂರೂ ತಾಲೂಕುಗಳಿಗೆ ಬೇಕಾದ ಕಲ್ಚರ್ ಲ್ಯಾಬ್ ಬರಲಿ ಎಂದು ಒತ್ತಾಯಿಸುವವರು ಬೇಕು.

ದುಡ್ಡೇ ಬೇಡದ ಇನ್ನೊಂದು ತಿದ್ದುಪಡಿಯೂ ಇದೆ. ಕಾಗದದ ಪೊಟ್ಟಣದಲ್ಲಿ ಹೆಸರಿಲ್ಲದ ಬಿಡಿ ಮಾತ್ರೆ ಕೊಡುವುದು, ಚೀಟಿಯಲ್ಲಿ ಇಂಜೆಕ್ಷನ್ನಿನ ಹೆಸರು ಬರೆಯದಿರುವುದು ನಿಲ್ಲಬೇಕು. ಏನು ಕೊಟ್ಟಿದ್ದಾರೆಂದು ಗೊತ್ತಿಲ್ಲದೆ ದೊಡ್ಡಾಸ್ಪತ್ರೆಯ ವೈದ್ಯರು ಎಲ್ಲಕ್ಕಿಂತ ಬಲವಾದ ಮದ್ದನ್ನೇ ಮೊದಲ ದಿನ ಆರಿಸಬೇಕಾಗುತ್ತದೆ. ಜಾಲ್ಸೂರು ದಾಟಿದರೆ ಸಿಗುವ ಕೇರಳದಲ್ಲಿ, ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವ ಮೆಡಿಕಲ್ ಅಂಗಡಿಗಳನ್ನು ಹಿಡಿಯಲು 2024ರಲ್ಲಿ ‘ಆಪರೇಷನ್ ಅಮೃತ್’ ಶುರುಮಾಡಿದರು. ಗಡಿಯ ಈಚೆಗೂ ಅಷ್ಟೇ ಬಿಗಿ ಬೇಕು.

ಓದುಗರಲ್ಲಿ ನನ್ನ ವಿನಂತಿ ಇಷ್ಟು. ಮನೆಯಲ್ಲಿ ಯಾರಿಗಾದರೂ ಬಿಟ್ಟ ಜ್ವರ ಚಳಿಯೊಂದಿಗೆ ಮರಳಿದರೆ, ಏದುಸಿರು ಬಂದರೆ, ಮೂತ್ರ ಕಡಿಮೆಯಾದರೆ, ಮಾತು ತಡವರಿಸಿದರೆ ಇನ್ನೊಂದು ಸ್ಟ್ರಿಪ್ ಮಾತ್ರೆ ತರಲು ಹೋಗಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಅದುವರೆಗೆ ನುಂಗಿದ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೂ ಜೊತೆಗೆ ಒಯ್ಯಿರಿ. ಅಡ್ಮಿಟ್ ಮಾಡಿಕೊಂಡು ಮೊದಲ ಇಂಜೆಕ್ಷನ್ ಹಾಕುವ ಮುಂಚೆ, ‘ಡಾಕ್ಟ್ರೇ, ಕಲ್ಚರಿಗೆ ರಕ್ತ ತೆಗೆದಾಯ್ತಾ?’ ಎಂದು ಮರ್ಯಾದೆಯಿಂದಲೇ ಕೇಳಿ.