ಹೆಸರಿನಲ್ಲಿ ಅಡಗಿದ ತೀರ್ಪು: ಕೆನಡದ ಮೆತೀ ಜನರ ನಾಮಗಳನ್ನು ಕುರಿತು

ಉತ್ತರ ಅಮೆರಿಕದ ತುಪ್ಪಳದ ವ್ಯಾಪಾರದ ಕಾಲದಲ್ಲಿ, ಫ್ರೆಂಚ್ ವರ್ತಕರಿಗೂ ದೋಣಿಗಾರರಿಗೂ ಅಲ್ಲಿನ ಕ್ರೀ, ಓಜಿಬ್ವೆ ಮೊದಲಾದ ಮೂಲನಿವಾಸಿ ಸ್ತ್ರೀಯರಿಗೂ ನಾಡ ಪದ್ಧತಿಯಂತೆ ವಿವಾಹಗಳು ನಡೆದುವು. ಅವರ ಸಂತತಿಯವರು ಹತ್ತೊಂಬತ್ತನೆಯ ಶತಮಾನದ ಆರಂಭದ ವೇಳೆಗೆ ಕೆನಡದ ಪಶ್ಚಿಮ ಬಯಲಿನಲ್ಲಿ, ವಿಶೇಷವಾಗಿ ರೆಡ್ ನದಿಯ ತೀರದಲ್ಲಿ, ಪ್ರತ್ಯೇಕ ಜನಾಂಗವಾಗಿ ರೂಪುಗೊಂಡರು. ಇವರಿಗೆ ಪ್ರಾದೇಶಿಕ ನುಡಿಗಳಲ್ಲಿ ಬಂದ ಹೆಸರುಗಳು ಹಲವು. ಇವೆಲ್ಲವನ್ನೂ 'ಮಿಶ್ರರಕ್ತದವರು' ಎಂಬ ಒಂದೇ ಅರ್ಥಕ್ಕೆ ಇಳಿಸುವ ಇತಿಹಾಸಕಾರನು ಸಾಕ್ಷ್ಯವನ್ನು ಪರಿಶೀಲಿಸುವ ಮೊದಲೇ ತೀರ್ಪನ್ನು ಕೊಟ್ಟುಬಿಡುತ್ತಾನೆಂದು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಹೆಸರುಗಳನ್ನೇ ನೋಡೋಣ. ಫ್ರೆಂಚರ ಆಡುಮಾತಿನಲ್ಲಿ ಇವರು 'ಬ್ವಾ ಬ್ರೂಲೆ', ಎಂದರೆ ಸುಟ್ಟ ಮರ. ಓಜಿಬ್ವೆ ನುಡಿಯ 'ವೀಸಾಕೊದೆವಿನಿನಿ' ಎಂಬ ಪದದಲ್ಲಿಯೂ ಅರೆಸುಟ್ಟ ಮರದ ಚಿತ್ರವೇ ಇದೆ. ಇದು ಮೈಬಣ್ಣವನ್ನು ಸೂಚಿಸಿದ ಮಾತೆಂಬುದು ಸಾಮಾನ್ಯ ವಿವರಣೆ. ಆದರೆ 1816ರ ಸೆವೆನ್ ಓಕ್ಸ್ ಕಾಳಗದಲ್ಲಿ ಹಡ್ಸನ್ಸ್ ಬೇ ಕಂಪೆನಿಯ ಗವರ್ನರ್ ಸೆಂಪಲ್ ಮಡಿದ ಬಳಿಕ, ಇದೇ ಜನರ ಕವಿ ಪಿಯೆರ್ ಫಾಲ್ಕನ್ ತನ್ನ ವಿಜಯಗೀತೆಯಲ್ಲಿ ಈ ಹೆಸರನ್ನು ಬಿರುದಿನಂತೆ ಬಳಸಿದನು. ಪದದ ವಾಚ್ಯಾರ್ಥ ಬದಲಾಗಲಿಲ್ಲ. ಅದನ್ನು ನುಡಿದವರು ಬದಲಾದರು.

ಕ್ರೀ ನುಡಿಯಲ್ಲಿ ಎರಡು ಪದಗಳಿವೆ. 'ಆಪಿಹ್ತವಿಕೊಸಿಸಾನ್' ಎಂದರೆ ಅರ್ಧಪುತ್ರ. ಇದು ಹುಟ್ಟನ್ನು ಹೇಳುತ್ತದೆ. 'ಒತಿಪೆಮಿಸಿವಾಕ್' ಎಂದರೆ ತಮಗೆ ತಾವೇ ಒಡೆಯರಾದವರು. ಈ ಎರಡನೆಯದರಲ್ಲಿ ರಕ್ತದ ಸುದ್ದಿಯೇ ಇಲ್ಲ. ಕಂಪೆನಿಗಳ ಚಾಕರಿಯನ್ನು ಬಿಟ್ಟು ಸ್ವತಂತ್ರವಾಗಿ ಬಾಳಿದವರನ್ನು ಫ್ರೆಂಚರು 'ಸ್ವತಂತ್ರ ಜನ' ಎಂದು ಕರೆಯುತ್ತಿದ್ದರು; ಕ್ರೀ ಪದದ ಭಾವವೂ ಅದೇ. ನೆರೆಯವರ ಕಣ್ಣಿಗೆ ಇವರ ವಿಶೇಷವಾಗಿ ಕಂಡದ್ದು ಬೆರಕೆಯೊಂದೇ ಅಲ್ಲ, ಬಾಳಿನ ರೀತಿಯೂ ಹೌದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕೆ?

'ಮೆತೀ' ಎಂಬುದು ಲ್ಯಾಟಿನ್ ಮೂಲದ ಪದ, ಬೆರೆತದ್ದು ಎಂದರ್ಥ. ನಮ್ಮ ನೆರೆಯ ಗೋವೆಯಲ್ಲಿ ಪೋರ್ಚುಗೀಸರು ಬಳಸಿದ 'ಮೆಸ್ತಿಸೊ' ಇದರ ಸೋದರ ಪದ; ಸಂಸ್ಕೃತದ 'ಮಿಶ್ರ'ವೂ ದೂರದ ಬಂಧುವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇದರ ಹಳೆಯ ಫ್ರೆಂಚ್ ರೂಪ 'ಮೆತೀಫ್' ಬಯಲುನಾಡಿನ ಉಚ್ಚಾರಣೆಯಲ್ಲಿ 'ಮಿಚಿಫ್' ಆಯಿತು. ಜನರಿಗೂ ಅವರ ನುಡಿಗೂ ಅದೇ ಹೆಸರಾಯಿತು.

ಇನ್ನು ಇತಿಹಾಸಕಾರರ ವಿಚಾರ. ಜಾರ್ಜ್ ಸ್ಟ್ಯಾನ್ಲಿ 1936ರಲ್ಲಿ ಪಶ್ಚಿಮ ಕೆನಡದ ಉದಯವನ್ನು ಕುರಿತೂ, ಮಾರ್ಸೆಲ್ ಜಿರೋ 1945ರಲ್ಲಿ ಮೆತೀ ಜನರನ್ನು ಕುರಿತೂ ಬರೆದ ಗ್ರಂಥಗಳು ಪರಿಶ್ರಮದ ಫಲಗಳು. ಸಾವಿರ ಪುಟಗಳನ್ನು ಮೀರಿದ ಜಿರೋ ಗ್ರಂಥದ ದಾಖಲೆಸಂಪತ್ತಿಗೆ ಇಂದಿನ ಸಂಶೋಧಕರೂ ಋಣಿಗಳು. ಆದರೆ ಇಬ್ಬರ ತರ್ಕದ ತಳಹದಿಯೂ ಒಂದೇ: ಒಂದು ಕಡೆ ನಾಗರಿಕತೆ, ಇನ್ನೊಂದು ಕಡೆ ಆದಿಮ ಸ್ಥಿತಿ, ಇವುಗಳ ನಡುವೆ ಸಿಕ್ಕಿದ ಜನ ಸೋಲಲೇಬೇಕಾಗಿತ್ತು. 'ಅರ್ಧ' ಎಂಬ ಹೆಸರನ್ನು ಅಕ್ಷರಶಃ ನಂಬಿದವನು ಪೂರ್ಣ ಜನಾಂಗವನ್ನು ಕಾಣಲಾರನು. ಮಿಚಿಫ್ ನುಡಿಯೇ ಇದಕ್ಕೆ ಉತ್ತರ ಕೊಡುತ್ತದೆ. ಅದರಲ್ಲಿ ಕ್ರಿಯಾಪದಗಳು ಕ್ರೀ ಭಾಷೆಯವು, ನಾಮಪದಗಳು ಬಹುಪಾಲು ಫ್ರೆಂಚ್. ಎರಡೂ ತಮ್ಮ ತಮ್ಮ ವ್ಯಾಕರಣವನ್ನು ಉಳಿಸಿಕೊಂಡಿವೆ. ಪೀಟರ್ ಬಾಕ್ಕರ್ 1997ರಲ್ಲಿ ವಿವರಿಸಿದ ಈ ವ್ಯವಸ್ಥೆ ಎರಡು ಭಾಷೆಗಳನ್ನೂ ಚೆನ್ನಾಗಿ ಬಲ್ಲವರಿಂದ ಮಾತ್ರ ಹುಟ್ಟಬಲ್ಲದು. ಇದು ಎರಡೂ ಕಡೆ ನೆಲೆ ಕಾಣದವರ ತೊದಲಲ್ಲ.

ಈ ವಿಷಯದಲ್ಲಿ ಮೆತೀ ನಾಯಕ ಲೂಯಿ ರಿಯೆಲ್ ಪಂಡಿತರಿಗಿಂತ ಮುಂದಿದ್ದನು. 1885ರಲ್ಲಿ, ಗಲ್ಲಿಗೇರುವ ಮೊದಲು ಬರೆದ ಬರಹವೊಂದರಲ್ಲಿ ಅವನು ಈ ಹೆಸರುಗಳನ್ನೇ ವಿಮರ್ಶಿಸಿದ್ದಾನೆ. ಇಂಗ್ಲಿಷಿನ 'ಹಾಫ್ ಬ್ರೀಡ್' ಮೊದಲ ತಲೆಮಾರಿಗೆ ಒಪ್ಪಿದರೂ, ಎಲ್ಲ ಪ್ರಮಾಣಗಳಲ್ಲಿಯೂ ರಕ್ತ ಬೆರೆತ ಮೇಲೆ ಒಪ್ಪುವುದಿಲ್ಲವೆಂಬುದು ಅವನ ವಾದ. ಬೆರಕೆಯ ಅಳತೆ ಏಕೆ ಬೇಕು, ತಂದೆಯಂತೆ ತಾಯಿಯನ್ನೂ ಗೌರವಿಸುವವನು ಮೆತೀ ಎಂಬುದು ಅವನ ನಿಲವು.

ಇದು ಕೇವಲ ಪದಜಿಜ್ಞಾಸೆಯಲ್ಲ. 1870ರ ಮ್ಯಾನಿಟೋಬ ಶಾಸನವು 14 ಲಕ್ಷ ಎಕರೆ ಭೂಮಿಯನ್ನು ಮೀಸಲಿಟ್ಟದ್ದು 'ಹಾಫ್ ಬ್ರೀಡ್' ಕುಟುಂಬಗಳ ಮಕ್ಕಳಿಗಾಗಿ. ಆ ಹಂಚಿಕೆಯಲ್ಲಿ ಸರಕಾರ ತನ್ನ ಮಾತಿಗೆ ತಕ್ಕಂತೆ ನಡೆದುಕೊಳ್ಳಲಿಲ್ಲವೆಂದು ಕೆನಡದ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 2013ರಲ್ಲಿ. 1982ರ ಸಂವಿಧಾನ ಶಾಸನ ಮೆತೀಗಳನ್ನು ಮೂಲನಿವಾಸಿ ಜನಾಂಗಗಳಲ್ಲಿ ಒಂದೆಂದು ಹೆಸರಿಸಿತು. ಮಿಶ್ರ ವಂಶದವರೆಲ್ಲರೂ ಮೆತೀಗಳಲ್ಲ. ತಾನು ಮೆತೀ ಎಂಬ ಭಾವನೆ, ಪೂರ್ವಜರ ಸಂಬಂಧ, ಸಮುದಾಯದ ಒಪ್ಪಿಗೆ ಇವೇ ಲಕ್ಷಣಗಳೆಂದು ಅದೇ ನ್ಯಾಯಾಲಯ 2003ರಲ್ಲಿ ತೀರ್ಮಾನಿಸಿತು. ಎಂದರೆ, ಕ್ರೀ ಜನ ಒಂದು ಪದದಲ್ಲಿ ಹೇಳಿದ್ದನ್ನು ನ್ಯಾಯಶಾಸ್ತ್ರ ಬಹಳ ತಡವಾಗಿ ಕಂಡುಕೊಂಡಿತು.

ಕೊನೆಯದಾಗಿ, ಕನ್ನಡದಲ್ಲಿ ಪಾಠ ಹೇಳುವ ನಮ್ಮ ಹೊಣೆಯ ಮಾತು. ಈ ಲೇಖಕನೇ ಮೊದಮೊದಲು ತರಗತಿಯಲ್ಲಿ ಇವರನ್ನು 'ಸಂಕರ ಜನ' ಎಂದು ಪರಿಚಯಿಸಿದ್ದುಂಟು. ವಿದ್ಯಾರ್ಥಿಗಳ ಮುಖದಲ್ಲಿ ಕಿರುನಗೆ ಮೂಡಿದಾಗ ತಪ್ಪಿನ ಅರಿವಾಯಿತು. 'ಸಂಕರ'ದ ಬೆನ್ನಿಗೆ ವರ್ಣಸಂಕರದ ಭಯವಿದೆ. 'ಬೆರಕೆ'ಯಲ್ಲಿ ಕಲಬೆರಕೆಯ ವಾಸನೆಯಿದೆ. ನಮ್ಮ ಸಮಾಜದ ತಾತ್ಸಾರವನ್ನು ದೂರದ ಜನಾಂಗವೊಂದರ ಮೇಲೆ ಹೇರುವ ಅನುವಾದವು ಭಾಷಾಂತರವಾಗದೆ ಅನ್ಯಾಯವಾಗುತ್ತದೆ. ಆದಕಾರಣ 'ಮೆತೀ' ಎಂಬ ಹೆಸರನ್ನು ಹಾಗೆಯೇ ಉಳಿಸಿಕೊಳ್ಳುವುದು ಮೇಲು. ಹಳೆಯ ದಾಖಲೆಗಳ ಹೀನಪದಗಳನ್ನು ಮರೆಮಾಚಬೇಕಾಗಿಲ್ಲ; ಅವು ಯಾರ ಬಾಯಿಂದ, ಯಾವ ಸಂದರ್ಭದಲ್ಲಿ ಬಂದುವೆಂಬುದನ್ನು ಹೇಳಿದರೆ ಸಾಕು. ಜನರನ್ನು ಅವರ ಹೆಸರಿನಿಂದ ಕರೆಯುವುದು ಇತಿಹಾಸಕಾರನ ಸೌಜನ್ಯ ಮಾತ್ರವಲ್ಲ, ಅವನ ವಿಧಾನದ ಮೊದಲ ಮೆಟ್ಟಿಲೂ ಹೌದು.